ಹ್ಯಾಂಡ್ ಬ್ರೇಕ್ ಎಲ್ಲಿ ಹೋಯ್ತು?

ಮಕ್ಕಳೇ, ಈಚಿನ ಕಾರುಗಳಲ್ಲಿ ಎರಡು ಸೀಟುಗಳ ನಡುವಿನ ಉದ್ದನೆಯ ಹ್ಯಾಂಡ್ ಬ್ರೇಕ್ ಕಾಣೆಯಾಗುತ್ತಿದೆ. ಅದರ ಜಾಗಕ್ಕೆ ‘ಪಿ’ ಅಕ್ಷರದ ಪುಟ್ಟ ಸ್ವಿಚ್ಚು ಬಂದಿದೆ. 2001ರ ಸುಮಾರಿಗೆ ಬಿಎಂಡಬ್ಲ್ಯು 7 ಸರಣಿಯಂಥ ದುಬಾರಿ ಕಾರುಗಳಲ್ಲಿದ್ದದ್ದು ಈಗ ನಮ್ಮ ಲಿಂಗಸುಗೂರಿನ ಓಣಿಗೂ ಬಂದಿದೆ.

“ತಾತಾ, ಕರೆಂಟ್ ಹೋದ್ರ ಬ್ರೇಕ್ ಬಿಟ್ಟು ಹೋಗಂಗಿಲ್ಲೇನು?” ಎಂದು ನನ್ನ ಮೊಮ್ಮಗಳು ಕೇಳಿದಳು. ಕರೆಂಟ್ ಹೋಗುವುದನ್ನು ನೋಡಿ ಬೆಳೆದ ಹುಡುಗಿ, ಕೇಳಿದ್ದು ಸರಿಯೇ.

ಬಿಡುವುದಿಲ್ಲ. ಸ್ವಿಚ್ಚು ಎಳೆದಾಗ ಹಿಂದಿನ ಚಕ್ರದ ಬಳಿಯ ಸಣ್ಣ ಮೋಟಾರು ಒಂದು ತಿರುಪನ್ನು ಬಿಗಿ ಮಾಡುತ್ತದೆ. ಅದು ಬ್ರೇಕ್ ಪ್ಯಾಡುಗಳನ್ನು ಒತ್ತಿ ಹಿಡಿಯುತ್ತದೆ. ವೆಲ್ಡಿಂಗ್ ಅಂಗಡಿಯ ವೈಸ್ ನೋಡಿದ್ದೀರಲ್ಲ? ತಿರುವಿ ಕೈ ಬಿಟ್ಟರೂ ಅದು ಹಿಡಿದ ಕಬ್ಬಿಣವನ್ನು ಬಿಡುವುದಿಲ್ಲ. ಇದೂ ಹಾಗೇ. ತೊಂದರೆ ಬರುವುದು ಹೆಚ್ಚಾಗಿ ಉಲ್ಟಾ: ಬ್ಯಾಟರಿ ಪೂರ್ತಿ ಇಳಿದರೆ ಬ್ರೇಕ್ ಬಿಡಿಸಲಾಗದೆ ಕಾರು ನಿಂತಲ್ಲೇ ನಿಲ್ಲುತ್ತದೆ. 2017ರಲ್ಲಿ ಟೆಸ್ಲಾ ಕಂಪನಿ ಸುಮಾರು 53,000 ಕಾರುಗಳನ್ನು ವಾಪಸು ಕರೆಸಿಕೊಂಡದ್ದೂ ಇದಕ್ಕೇ. ಬ್ರೇಕಿನೊಳಗಿನ ಹಲ್ಲಿನ ಚಕ್ರ ಮುರಿದರೆ ಬ್ರೇಕ್ ಬಿಡದೇ ಹೋಗಬಹುದು ಎಂಬ ಅನುಮಾನ.

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಹಳೆಯ ಹಿಡಿಯ ಗುಂಡಿ ಒತ್ತಿ ಕೆಳಗಿಳಿಸಿದರೆ ಬ್ರೇಕ್ ಬಿಟ್ಟಂತೆ. ಆಟವಾಡುವ ಮಗುವೂ ಅದನ್ನು ಮಾಡಬಹುದಿತ್ತು. ಜಲದುರ್ಗದ ಕೋಟೆಯ ಏರಿನಲ್ಲಿ ನಿಂತ ಕಾರನ್ನು ನೆನೆಸಿಕೊಳ್ಳಿ! ಈ ಸ್ವಿಚ್ಚಿಗೆ ಮಾತ್ರ ಇಗ್ನಿಷನ್ ಆನ್ ಇರಬೇಕು, ಕಾಲು ಬ್ರೇಕ್ ಪೆಡಲಿನ ಮೇಲಿರಬೇಕು. ನಮ್ಮ ಬ್ಯಾಂಕಿನ ಕ್ಯಾಷ್ ಸೇಫಿಗೂ ಎರಡು ಕೀಲಿ, ಒಂದು ಕ್ಯಾಷಿಯರ್ ಹತ್ತಿರ, ಇನ್ನೊಂದು ಮ್ಯಾನೇಜರ್ ಹತ್ತಿರ.

ಆದರೆ ಎರಡೂ ಕೀಲಿ ಒಬ್ಬರ ಕೈಗೇ ಸಿಕ್ಕರೆ? ರಿಮೋಟ್ ಕೀಲಿಯನ್ನು ಕಾರಿನೊಳಗೇ ಬಿಟ್ಟು “ಎರಡೇ ನಿಮಿಷ” ಎಂದು ಅಂಗಡಿಗೆ ಇಳಿಯುವ ಅಪ್ಪ ಮಾಡುವುದು ಅದನ್ನೇ. ಹತ್ತು ವರ್ಷದ ಹುಡುಗನ ಕಾಲು ಪೆಡಲಿಗೆ ಮುಟ್ಟುತ್ತದೆ, ಸ್ಟಾರ್ಟ್ ಗುಂಡಿ ಕೈಗೆ ಸಿಗುತ್ತದೆ. ಆಟೋಮ್ಯಾಟಿಕ್ ಗೇರಿನ ಅನೇಕ ಕಾರುಗಳಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದರೆ ಬ್ರೇಕ್ ತಾನೇ ಬಿಡುತ್ತದೆ ಕೂಡ. ಕೀಲಿ ಅಪ್ಪನ ಜೇಬಿನಲ್ಲಿರಲಿ, ಮಕ್ಕಳು ಅಪ್ಪನ ಜೊತೆಗಿರಲಿ.

ದೊಡ್ಡವರು ಮೋಸಹೋಗುವ ಇನ್ನೊಂದು ಸ್ವಿಚ್ಚು ‘ಆಟೋ ಹೋಲ್ಡ್’. ಅದು ಸಿಗ್ನಲ್ಲಿನಲ್ಲಿ ನಿಲ್ಲಲು, ಬ್ರೇಕ್ ಎಣ್ಣೆಯ ಒತ್ತಡದಿಂದ ತಾತ್ಕಾಲಿಕವಾಗಿ ಹಿಡಿಯುವಂಥದ್ದು. ಕಾರು ಬಿಟ್ಟಿಳಿಯುವ ಮುಂಚೆ ‘ಪಿ’ ಸ್ವಿಚ್ಚು ಎಳೆದು, ಕೆಂಪು ದೀಪ ಬಂತೇ ಎಂದು ನೋಡಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಮೂ ಅದನ್ನೇ ಕೇಳುತ್ತದೆ: ಚಾಲಕನಿಲ್ಲದಾಗ ವಾಹನ ತಾನಾಗಿ ಚಲಿಸದಂತೆ ಮಾಡಿಯೇ ಹೋಗಬೇಕು.

ಲಾರಿಯವರು ಇದಕ್ಕೆ ಚಕ್ರದ ಕೆಳಗೆ ಕಲ್ಲು ಕೊಡುತ್ತಾರೆ. ಇಳಿಜಾರಿನಲ್ಲಿ ನಾನೂ ಕೊಡಿಸುತ್ತೇನೆ, ಸ್ವಿಚ್ಚಿನ ಕಾರಾದರೂ ಸರಿ. ಹೊರಡುವಾಗ ಆ ಕಲ್ಲನ್ನು ನಡುರಸ್ತೆಯಲ್ಲೇ ಬಿಟ್ಟು ಹೋಗುವವರನ್ನು ಕಂಡರೆ ಮಾತ್ರ ನನಗೆ ಆಗುವುದಿಲ್ಲ.