ಅಜ್ಜನ ಮನೆಯ ಹೊಳೆ

ಪುಟಾಣಿಗಳೇ, ರಜೆ ಬಂತೆಂದರೆ ಅಜ್ಜನ ಮನೆಗೆ ಓಡುತ್ತೀರಲ್ಲವೇ? ಸ್ಕಾಟ್ಲೆಂಡಿನ ಹುಡುಗನೊಬ್ಬನಿಗೂ ಅದೇ ಸಂಭ್ರಮ. ಎಡಿನ್‌ಬರೋ ನಗರದ ಹತ್ತಿರ ಕಾಲಿಂಟನ್ ಎಂಬ ಹಳ್ಳಿ. ಅಲ್ಲಿ ಅವನ ಅಜ್ಜ ಪಾದ್ರಿಯಾಗಿದ್ದರು. ಮನೆಯ ಪಕ್ಕದಲ್ಲೇ ‘ವಾಟರ್ ಆಫ್ ಲೀತ್’ ಎಂಬ ಪುಟ್ಟ ಹೊಳೆ. ಆ ದಡದಲ್ಲಿ ಆಡಿದ ಹುಡುಗನೇ ಮುಂದೆ ‘ಟ್ರೆಷರ್ ಐಲೆಂಡ್’ ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್!

ಒಂದು ಕಾಲದಲ್ಲಿ ಈ ಹೊಳೆಯ ನೀರು ಸುಮಾರು 70 ಗಿರಣಿಗಳ ಚಕ್ರ ತಿರುಗಿಸುತ್ತಿತ್ತು. ಹಿಟ್ಟು, ಕಾಗದ, ನಶ್ಯ ಎಲ್ಲ ಅಲ್ಲೇ ತಯಾರಾಗುತ್ತಿತ್ತು. ಕೊಳೆ ಮಾತ್ರ ಹೊಳೆಯ ಪಾಲು. ಕಾಲ ಕಳೆದಂತೆ ಗಿರಣಿಗಳು ಮುಚ್ಚಿದವು. ದಡದ ರೈಲೂ ನಿಂತಿತು.

ಈಗ ಅಲ್ಲಿ ಬಾಲರ್ನೋ ಹಳ್ಳಿಯಿಂದ ಲೀತ್ ಬಂದರಿನವರೆಗೆ ಸುಮಾರು 20 ಕಿ.ಮೀ. ಕಾಲುದಾರಿಯಿದೆ. ಮೊದಲು ಹಳೆಯ ರೈಲುದಾರಿ, ಮರಗಳ ಕಣಿವೆ. ಆಮೇಲೆ ನಗರದ ಸೇತುವೆಗಳ ಕೆಳಗೆ ನಡಿಗೆ. ಕಾಲಿಂಟನ್ನಿನ ರೈಲು ಸುರಂಗದ ಗೋಡೆಯ ತುಂಬ ಸ್ಟೀವನ್‌ಸನ್ನನ ರೈಲುಪದ್ಯದ ಚಿತ್ರಗಳು. ಅವನ್ನು ಬಿಡಿಸಲು ಸ್ಥಳೀಯ ಶಾಲೆಗಳ ಮಕ್ಕಳೂ ಕೈಜೋಡಿಸಿದ್ದಾರೆ.

ಹೊಳೆಯನ್ನು ಕಾಯಲೆಂದೇ 1988ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಅದರ ಸ್ವಯಂಸೇವಕರು ನೀರಿಗಿಳಿದು ಕಸ ಎತ್ತುತ್ತಾರೆ. ಇಂದು ಅಲ್ಲಿ ಮಿಂಚುಳ್ಳಿ ಹಾರುತ್ತದೆ, ನೀರುನಾಯಿಯೂ ಕಾಣಿಸುತ್ತದೆ.

ಗುಟ್ಟು ಇಷ್ಟೇ ಮಕ್ಕಳೇ. ದಾರಿಯಿದ್ದರೆ ಜನ ನಡೆಯುತ್ತಾರೆ. ದಿನವೂ ನೋಡುವ ಹೊಳೆಗೆ ಕಸ ಎಸೆಯಲು ಕೈ ಬಾರದು. ಯಾರೂ ತಿರುಗಿ ನೋಡದ ಹೊಳೆ ಚರಂಡಿಯಾಗುತ್ತದೆ.

ತಾತ, ಅಜ್ಜಿಯನ್ನು ಇವತ್ತೇ ಕೇಳಿ: “ನೀವು ಚಿಕ್ಕವರಿದ್ದಾಗ ಆಡಿದ ಹಳ್ಳ ಎಲ್ಲಿದೆ?” ಈ ಭಾನುವಾರ ಅವರ ಕೈ ಹಿಡಿದು ಅಲ್ಲಿಯವರೆಗೆ ನಡೆದು ಬನ್ನಿ. ದಾರಿ ಅವರಿಗೆ ಗೊತ್ತು.