ಸಂಬಳ ನಿಂತಿತು, ಅಕಾಡೆಮಿ ನಿಲ್ಲಲಿಲ್ಲ (ಲೆಜರ್ ಹೊರಗ, ಭಾಗ 6)

ಫೋಟೋದಾಗ ಕಾಣೋದು ನಮ್ಮ ಸತ್ತೂರಿನ ಗ್ರೌಂಡ್. ಝೂಮ್ ಮಾಡಿ ನೋಡ್ರಿ, ಗೋಲ್ ಪೋಸ್ಟಿಗೆ ನೆಟ್ ಇಲ್ಲ. ಬಾಲ್ ಒಳಗ ಹೋತೋ ಬಾಜೂಕ ಹೋತೋ ಅಂತ ಪ್ರತಿ ಭಾನುವಾರ ಜಗಳ ಆಗೋದು ಇದಕ್ಕ. ಹೋದ ವರ್ಷ ನಮ್ಮ ಟೀಮಿನ ಡಬ್ಬಿಯೊಳಗ 14,000 ರೂಪಾಯಿ ಇತ್ತು. ನೆಟ್ ತರೋಣ, ಸಣ್ಣ ಹುಡುಗರಿಗೆ ಬಾಲ್ ತರೋಣ ಅಂದವರು ಇಬ್ಬರು. ಟೂರ್ನಮೆಂಟಿಗೆ ಹೊರಗಿಂದ ಇಬ್ಬರು ಪ್ಲೇಯರ್ ಕರೆಸೋಣ ಅಂದವರು ಒಂಬತ್ತು ಮಂದಿ. ಆ ಒಂಬತ್ತರಾಗ ನಾನೂ ಒಬ್ಬ. ಕ್ವಾರ್ಟರ್ ಫೈನಲ್‌ನ್ಯಾಗ ಸೋತ್ವಿ. ಅವರಿಬ್ಬರೂ ಅವತ್ತ ಸಂಜಿ ಚಿಗರಿ ಬಸ್ ಹತ್ತಿ ಹೋದ್ರು, ಜೊತಿಗೆ ರೊಕ್ಕನೂ ಹೋತು.

ಈಗ ಆ ಡಬ್ಬಿಗೆ ನಾನ ಖಜಾಂಚಿ. (ಬಿಕಾಂ ಓದ್ತಾನ ಅಂತ ಮಾಡ್ಯಾರ, ಬ್ಯಾರೆ ಅರ್ಹತೆ ಏನಿಲ್ಲ.) ಈ ವರ್ಷ 11,500 ಕೂಡೇತಿ. ಬರೋ ಭಾನುವಾರ ಮತ್ತ ಅದೇ ಪ್ರಶ್ನೆ. ಅದಕ್ಕ ಇವತ್ತು ಇದೇ ಪ್ರಶ್ನೆ ಎದುರಿಸಿದ ಒಂದು ದೊಡ್ಡ ಡಬ್ಬಿ ಬಗ್ಗೆ ಬರೀತೀನಿ: ಬೆಂಗಳೂರು ಎಫ್‌ಸಿ.

2025ರ ಆಗಸ್ಟ್ ನಿಮಗ ನೆನಪಿರಬೇಕು. ಐಎಸ್‌ಎಲ್ ನಡೆಸೋ ಎಫ್‌ಎಸ್‌ಡಿಎಲ್ ಕಂಪನಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ 2010ರಾಗ ಆದ 15 ವರ್ಷದ ಒಪ್ಪಂದ ಆ ಡಿಸೆಂಬರಿಗೆ ಮುಗಿಯೋದಿತ್ತು. ಹೊಸಾದು ಆಗಿರಲಿಲ್ಲ. ಜುಲೈನಲ್ಲೇ ಹೊಸ ಸೀಸನ್ ತಡೆಹಿಡಿದ್ರು. ಲೀಗ್ ಇಲ್ಲಂದ್ರ ಟಿಕೆಟ್ ಇಲ್ಲ, ಟಿವಿ ಇಲ್ಲ, ಸ್ಪಾನ್ಸರ್ ಬರಂಗಿಲ್ಲ. ಆಗಸ್ಟ್ ಮೊದಲ ವಾರ ಬಿಎಫ್‌ಸಿ ಒಂದು ಹೇಳಿಕೆ ಹಾಕಿತು: ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸ್ತೀವಿ.

ನಾವೆಲ್ಲಾರೂ ಸ್ಟೋರಿಗೆ ಹಾಕಿದ್ದು ಇಷ್ಟ. ಅದೇ ಹೇಳಿಕೆಯೊಳಗ ಕೆಳಗ ಇನ್ನೊಂದು ಮಾತಿತ್ತು. ಹುಡುಗರ, ಹುಡುಗಿಯರ ಯೂತ್ ಟೀಮುಗಳು, ಸಾಕರ್ ಸ್ಕೂಲುಗಳು ಎಂದಿನಂತೆ ನಡೀತಾವ, ಅವಕ್ಕ ಇದರಿಂದ ತೊಂದರೆ ಇಲ್ಲ ಅಂತ. ನಾನು ಸಿಕ್ಕಿಹಾಕಿಕೊಂಡದ್ದು ಆ ಮಾತಿನ್ಯಾಗ. ಕೈ ಕಟ್ಟಿದಾಗ ಮನಿಯವರು ಯಾವ ಖರ್ಚು ಮೊದಲು ಬಿಡ್ತಾರ, ಯಾವುದನ್ನ ಕಡೀಕ ಬಿಡ್ತಾರ ಅನ್ನೋದರ ಮ್ಯಾಲೆ ಅವರ ಮನಸ್ಸು ಗೊತ್ತಾಗ್ತೇತಿ. ಕ್ಲಬ್ಬಿಗೂ ಹಂಗ.

ಸ್ವಲ್ಪ ಅಕೌಂಟ್ಸ್ ಮಾಡೋಣ, ಓಡಿ ಹೋಗಬ್ಯಾಡ್ರಿ. ಒಬ್ಬ ಆಟಗಾರನಿಗೆ 4 ಕೋಟಿ ಟ್ರಾನ್ಸ್‌ಫರ್ ಫೀ ಕೊಟ್ಟು 4 ವರ್ಷದ ಕಾಂಟ್ರಾಕ್ಟ್ ಮಾಡಿದ್ರು ಅಂತ ಇಟ್ಕೊಳ್ರಿ. ಆ 4 ಕೋಟಿ ಒಮ್ಮೆಲೇ ಖರ್ಚಿಗೆ ಬರಂಗಿಲ್ಲ. ಅದು ಕಣ್ಣಿಗೆ ಕಾಣದ ಆಸ್ತಿ, ವರ್ಷಕ್ಕ 1 ಕೋಟಿಯಂಗ ಸವೀತದ, ನಾವು ಮಷೀನಿಗೆ ಡಿಪ್ರಿಸಿಯೇಷನ್ ಹಾಕಿದಂಗ. ಚೆಲ್ಸಿ ಕ್ಲಬ್ ಮುದ್ರಿಕ್‌ಗೆ ಎಂಟೂವರೆ ವರ್ಷದ ಕಾಂಟ್ರಾಕ್ಟ್ ಕೊಟ್ಟಾಗ ವರ್ಷದ ಖರ್ಚು ತೆಳ್ಳಗ ಕಾಣೋದು ಇದರಿಂದ. 2023ರಾಗ ಯುಇಎಫ್‌ಎ 5 ವರ್ಷಕ್ಕಿಂತ ಹೆಚ್ಚು ಎಳೀಬ್ಯಾಡ್ರಿ ಅಂತ ಗೆರೆ ಹಾಕಿತು. ಆದರ ತಾನ ಬೆಳೆಸಿದ ಹುಡುಗನ ಕಥಿ ಬ್ಯಾರೆ. ಹತ್ತು ವರ್ಷದ ಊಟ, ಹಾಸ್ಟೆಲ್, ಕೋಚ್, ಎಲ್ಲಾ ಆಯಾ ವರ್ಷದ ಖರ್ಚಾಗಿ ಹೋಗಿರ್ತದ. ಅವನು ಮೊದಲ ತಂಡಕ್ಕ ಬಂದ ದಿನ ಪುಸ್ತಕದಾಗ ಅವನ ಬೆಲೆ ಸೊನ್ನೆ. ಬ್ಯಾಲೆನ್ಸ್ ಶೀಟ್ ನೋಡಿ ಕ್ಲಬ್ ನಡೆಸೋ ಮಾಲೀಕನಿಗೆ ಅಕಾಡೆಮಿ ಅನ್ನೋದು ಬರೀ ತೂತಿನ ಜೇಬಾಗಿ ಕಾಣ್ತದ. ಇದಕ್ಕಂತಲೇ ಯುಇಎಫ್‌ಎ ತನ್ನ ಹಣಕಾಸು ನಿಯಮದಾಗ ಯೂತ್ ಮ್ಯಾಲೆ ಮಾಡಿದ ಖರ್ಚನ್ನ ನಷ್ಟದ ಲೆಕ್ಕಕ್ಕ ಹಿಡಿಯಂಗಿಲ್ಲ.

ಬಿಎಫ್‌ಸಿ ಎರಡೂ ದಾರಿ ತುಳಿದ ಕ್ಲಬ್ಬು. 2013ರಾಗ ಜೆಎಸ್‌ಡಬ್ಲ್ಯು ಶುರು ಮಾಡಿದ್ದು, ಮೊದಲ ವರ್ಷನ ಐ-ಲೀಗ್ ಗೆದ್ದಿತು. 2016ರಾಗ ಎಎಫ್‌ಸಿ ಕಪ್ ಫೈನಲ್ ತನಕ ಹೋತು, ಅಲ್ಲೀತನಕ ಯಾವ ಭಾರತದ ಕ್ಲಬ್ಬೂ ಹೋಗಿರಲಿಲ್ಲ. 2018-19ರಾಗ ಐಎಸ್‌ಎಲ್. ಇದೆಲ್ಲ ಛಲೋ ಆಟಗಾರರಿಗೆ ರೊಕ್ಕ ಸುರಿದು ಬಂದದ್ದು, ಅದರಾಗ ತಪ್ಪಿಲ್ಲ. ಗೆಲ್ಲದ ಟೀಮ್ ನೋಡಾಕ ಕಂಠೀರವಕ್ಕ ಯಾರು ಬರ್ತಾರ?

2022-23 ನೋಡ್ರಿ. ರಾಯ್ ಕೃಷ್ಣ, ಹಾವಿ ಹೆರ್ನಾಂಡೆಜ್, ಜಿಂಗನ್ ಅಂಥ ರೆಡಿಮೇಡ್ ಹೆಸರು ತಂದ್ರು. ಒಂದೇ ಸೀಸನ್ನಿಗೆ ಮೂರು ಫೈನಲ್: ಡ್ಯುರಾಂಡ್ ಗೆದ್ರು, ಐಎಸ್‌ಎಲ್ ಪೆನಾಲ್ಟಿಯೊಳಗ ಸೋತ್ರು, ಸೂಪರ್ ಕಪ್ ಒಡಿಶಾಕ್ಕ ಬಿಟ್ರು. 2023ರಾಗ ಕೃಷ್ಣ ಅದೇ ಒಡಿಶಾಕ್ಕ ಹೋದ, ಜಿಂಗನ್ ಗೋವಾಕ್ಕ. ಮುಂದಿನ ಸೀಸನ್? 12 ಟೀಮಿನ್ಯಾಗ 10ನೇ ಸ್ಥಾನ. ಓದ್ತಿದ್ದಂಗ ನನಗ ನಮ್ಮ ಇಬ್ಬರು ಚಿಗರಿ ಹತ್ತಿದ್ದು ನೆನಪಾತು.

ಇನ್ನೊಂದು ದಾರಿ ನಮ್ಮ ಕಡೆನ ಐತಿ, ಬೆಂಗಳೂರಾಗಲ್ಲ. ಹುಬ್ಬಳ್ಳಿಯಿಂದ ಬಳ್ಳಾರಿ ಕಡೆ ಹೋಗೋ ರೈಲಿನ್ಯಾಗ ಹೊಸಪೇಟೆ ದಾಟಿದ ಮ್ಯಾಲೆ ತೋರಣಗಲ್ಲು ಬರ್ತದಲ್ಲ, ಅಲ್ಲೇ ಜಿಂದಾಲ್ ಫ್ಯಾಕ್ಟರಿ ಪಕ್ಕದ ವಿಜಯನಗರ. 2018ರಾಗ ಅಲ್ಲಿ ಇನ್ಸ್‌ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆಗೆದ್ರು. ಬಿಎಫ್‌ಸಿ ವಸತಿ ಅಕಾಡೆಮಿ ಇರೋದೂ ಅಲ್ಲೇ. 2022ರಾಗ ಯುವ ಆಟಗಾರರ ರಿಲಯನ್ಸ್ ಡೆವಲಪ್‌ಮೆಂಟ್ ಲೀಗ್ ಮೊದಲ ಸಲ ನಡೆದಾಗ ಗೆದ್ದವರು ಬಿಎಫ್‌ಸಿ ಹುಡುಗರು. 2024-25ರ ಮೊದಲ ಮ್ಯಾಚಿನ್ಯಾಗ ಈಸ್ಟ್ ಬೆಂಗಾಲ್ ವಿರುದ್ಧ 1-0. ಆ ಒಂದು ಗೋಲು ಹೊಡೆದದ್ದು ಅಕಾಡೆಮಿಯಿಂದ ಬಂದ ವಿನೀತ್ ವೆಂಕಟೇಶ್. ಪುಸ್ತಕದಾಗ ಸೊನ್ನೆ ಬೆಲೆ ಅಂದ್ನಲ್ಲ, ಅಂಥ ಹುಡುಗ.

ಇಲ್ಲಿಗೆ ಚಪ್ಪಾಳೆ ಹೊಡೆದು ಮುಗಿಸಬಹುದಿತ್ತು. ಆದರ ಎರಡು ವಿಷಯ ನನಗ ಕಸಿವಿಸಿ.

ಒಂದು, ಸಂಬಳ ನಿಲ್ಲಿಸೋದು ದೊಡ್ಡಸ್ತಿಕೆ ಏನಲ್ಲ. ನಿಂತದ್ದು ಸ್ಟಾರುಗಳದ್ದಷ್ಟ ಅಲ್ಲ, ಸಿಬ್ಬಂದಿದೂ. ಕಿಟ್ ಜೋಡಿಸೋನಿಗೂ ಮನಿ ಬಾಡಿಗಿ ಇರ್ತದ. ಉಕ್ಕಿನ ದೊಡ್ಡ ಕಂಪನಿ ಹಿಂದ ಇದ್ದಾಗ, ರೊಕ್ಕನ ಇರಲಿಲ್ಲ ಅಂದ್ರ ನಾನು ಒಪ್ಪಂಗಿಲ್ಲ. ಲೀಗ್ ಕೊನೆಗೂ 2026ರ ಫೆಬ್ರವರಿಯೊಳಗ ಸಣ್ಣದಾಗಿ ಶುರುವಾತು. ಅಲ್ಲೀತನಕದ ಅನಿಶ್ಚಿತತೆ ಯಾರ ಹೆಗಲ ಮ್ಯಾಲೆ ಬಿತ್ತು ಅನ್ನೋದು ಯೋಚನೆ ಮಾಡೋ ಮಾತು. ಯೂತ್ ಉಳಿಸಿದ್ದು ಸರಿ. ಇವರಿಗೆ ಅರ್ಧನಾದರೂ ಕೊಡಬೇಕಿತ್ತು ಅನ್ನೋದು ನನ್ನ ಮಾತು.

ಎರಡು, ಇನ್ನೂ ದೊಡ್ಡದು. ಅದೇ 2024-25ರ ಐಎಸ್‌ಎಲ್‌ನಲ್ಲಿ 14 ಗೋಲ್ ಹೊಡೆದವರು ಯಾರು? ಸುನಿಲ್ ಛೆಟ್ರಿ. ವಯಸ್ಸು 40. ಅವರ ಪೋಸ್ಟರ್ ನನ್ನ ರೂಮಿನ್ಯಾಗೂ ಐತಿ, ಬೈಬ್ಯಾಡ್ರಿ. ಆದರ ಕ್ಲಬ್ ಹುಟ್ಟಿದ ದಿನದಿಂದ ಇರೋ ಸ್ಟ್ರೈಕರ್ 12ನೇ ಸೀಸನ್ನಿಗೂ ತಂಡ ಎಳೀತಾರ ಅಂದ್ರ, ಅವರ ಜಾಗಾಕ್ಕ ತಯಾರಾದ ಹುಡುಗ ಎಲ್ಲಿ? ಹಾಸ್ಟೆಲ್ ಕಟ್ಟೋದು, ಟರ್ಫ್ ಹಾಕೋದು ಅರ್ಧ ಬಂಡವಾಳ. ಉಳಿದರ್ಧ ಮ್ಯಾಚಿನ ನಿಮಿಷಗಳು. 19 ವರ್ಷದವನಿಗೆ 85ನೇ ನಿಮಿಷಕ್ಕ ಜರ್ಸಿ ಹಾಕಿ ಒಳಗ ಬಿಟ್ರ ಅದು ಫೋಟೋಕ್ಕ ಆಗ್ತೇತಿ, ಆಟಕ್ಕಲ್ಲ. ಐಎಸ್‌ಎಲ್‌ನ್ಯಾಗ 10ನೇ ಸ್ಥಾನಕ್ಕ ಬಿದ್ದಾಗಲೂ ಕೆಳಗಿನ ಲೀಗಿಗೆ ಇಳಿಯೋ ಭಯ ಇರಲಿಲ್ಲ. ಅಂಥ ಸೀಸನ್ನಿನ್ಯಾಗೂ ಹುಡುಗರಿಗೆ ಪೂರ್ತಿ ಮ್ಯಾಚು ಕೊಡಾಕ ಹೆದರಿದ್ರ, ಇನ್ನ ಯಾವಾಗ ಕೊಡ್ತೀರಿ? ಸೋಲೋ ಧೈರ್ಯಾನೂ ಒಂದು ಖರ್ಚು. ಅದಕ್ಕ ಲೆಜರಿನ್ಯಾಗ ಕಾಲಂ ಇಲ್ಲ, ಅಷ್ಟ.

ನಮ್ಮ ಡಬ್ಬಿಗೆ ಬರ್ತೀನಿ. ನಾನು ಭಾನುವಾರ ಇಡೋ ಲೆಕ್ಕ ಇದು: ಎರಡೂ ಕಡೆ ನೆಟ್, ನಾಲ್ಕು ಬಾಲ್, ಟೂರ್ನಮೆಂಟ್ ಎಂಟ್ರಿ ಫೀ, ಉಳಿದದ್ದು ಮುಂದಿನ ವರ್ಷಕ್ಕ. ಹೊರಗಿನ ಪ್ಲೇಯರಿಗೆ ಸೊನ್ನೆ. ಅವರ ಬದಲಿಗೆ ಗೋಲ್ ಹಿಂದ ನಿಂತು ನಮಗ ಬಾಲ್ ಹೆಕ್ಕಿ ಕೊಡ್ತಾರಲ್ಲ ಹತ್ತನೇ ಕ್ಲಾಸಿನ ಇಬ್ಬರು, ಅವರು ಮೊದಲನೇ ನಿಮಿಷದಿಂದ ಆಡ್ತಾರ. ಮೊದಲ ಮ್ಯಾಚಿನ್ಯಾಗನ ಸೋತು ಬರೋ ಸಾಧ್ಯತೆ ಪೂರಾ ಐತಿ, ಈಗಲೇ ಹೇಳಿಬಿಡ್ತೀನಿ.

ಹೋದ ವರ್ಷದ ಆ ಇಬ್ಬರು, ಅವರ ಜೊತಿ ನಾನು, ಮೂರಾತು. ಹನ್ನೊಂದು ಮಂದಿಯೊಳಗ ಇನ್ನ ಮೂರು ಕೈ ಬೇಕು. ಟೀಮಿನವರು ಇದನ್ನ ಓದಾಕತ್ತೀರಿ ಅಂತ ನನಗ ಗೊತ್ತೈತಿ. ಸಂಜಿ 5ಕ್ಕ ಬರ್ರಿ, ಬೈಯೋದಿದ್ರ ಕಾಮೆಂಟಿನ್ಯಾಗ ಬ್ಯಾಡ, ಅಲ್ಲೇ ಬೈರಿ.