ಮಾರಿದ ಮೇಲೆ ಬಾಡಿಗೆ ಕೇಳಬೇಡಿ

ದಾವಣಗೆರೆಯಲ್ಲಿ ಡಿಟಿಪಿ ಅಂಗಡಿ ನಡೆಸುವ ನನಗೆ ಹಳೇ ಫೈಲುಗಳೇ ಆಸ್ತಿ. ಅಕ್ಕನ ಲಗ್ನಪತ್ರಿಕೆ ಹಿಡಿದುಕೊಂಡು ತಮ್ಮ ಬರುತ್ತಾನೆ. ‘ಅಣ್ಣಾ, ಇದೇ ಡಿಸೈನ್ ಇರ್ಲಿ, ಹೆಸರು, ಮುಹೂರ್ತ, ಕಲ್ಯಾಣಮಂಟಪ ಅಷ್ಟೇ ಬದಲಿಸಿ’ ಅನ್ನುತ್ತಾನೆ. ಹಳೇದು ತೆರೆದರೆ ಅರ್ಧ ಗಂಟೆಯ ಕೆಲಸ.

ವಾಟ್ಸ್ಆ್ಯಪ್ ಆಮಂತ್ರಣಗಳಿಗಾಗಿ ಒಂದು ಆ್ಯಪಿನ ‘ಲೈಫ್‌ಟೈಮ್’ ಪ್ಲಾನ್ ಕೊಂಡಿದ್ದೆ. ಅಪ್‌ಡೇಟ್ ಆದ ಮೇಲೆ, ಆ ಪ್ಲಾನ್ ಹಳೇ ಆವೃತ್ತಿಗೆ ಮಾತ್ರ, ಇನ್ನು ವರ್ಷಕ್ಕಿಷ್ಟು ಕಟ್ಟಿ ಎಂಬ ಸಂದೇಶ ಬಂತು. ನಾನೇ ಮಾಡಿಟ್ಟಿದ್ದ ಕಾರ್ಡು ತೆರೆದರೆ ಗಣಪತಿಯ ಚಿತ್ರದ ಮೇಲೆ ಅಡ್ಡಲಾಗಿ ಕಂಪನಿಯ ವಾಟರ್‌ಮಾರ್ಕ್. ಗಿರಾಕಿಗೆ ಅದನ್ನು ಕಳಿಸುವುದು ಹೇಗೆ?

ದೊಡ್ಡ ಕಂಪನಿಗಳು ಈ ಚಂದಾ ದಾರಿ ಹಿಡಿದು ದಶಕ ದಾಟಿದೆ. 2012ರ ಸಿಎಸ್6 ಆದ ಮೇಲೆ ಅಡೋಬಿ ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ಹೊಸ ಕ್ರಿಯೇಟಿವ್ ಸೂಟ್ ತರಲೇ ಇಲ್ಲ; ಮುಂದೆ ಚಂದಾ ಮಾತ್ರ ಎಂದು 2013ರ ಮೇನಲ್ಲಿ ಸಾರಿತು. ಚಂದಾ ನಿಂತರೆ ಅಡೋಬಿಯ ಇನ್‌ಡಿಸೈನ್ ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆ, ಅದನ್ನು ತೆರೆಯುವ ತಂತ್ರಾಂಶ ಮಾತ್ರ ಕೈಕೊಡುತ್ತದೆ.

ಚಂದಾ ಪದ್ಧತಿಯೇ ತಪ್ಪೆಂದು ನಾನು ಹೇಳುವುದಿಲ್ಲ. ಆಂಡ್ರಾಯ್ಡ್, ಐಫೋನ್ ವರ್ಷವರ್ಷ ಬದಲಾದಂತೆ ಆ್ಯಪನ್ನೂ ತಿದ್ದುತ್ತಿರಬೇಕು, ಸರ್ವರ್‌ಗೆ ತಿಂಗಳ ಖರ್ಚಿದೆ, ಅದನ್ನು ಮಾಡುವ ಹುಡುಗರಿಗೂ ಸಂಬಳ ಆಗಬೇಕು. ಆದರೆ ಒಮ್ಮೆ ಪೂರ್ತಿ ದುಡ್ಡು ಎಣಿಸಿಕೊಂಡವರು ಆಮೇಲೆ ಷರತ್ತು ಬದಲಿಸುವುದು ಮೋಸ. ಗ್ರಾಹಕರು ಗಟ್ಟಿಯಾಗಿ ಕೇಳಿದರೆ ಬಗ್ಗುತ್ತಾರೆ ಕೂಡ. ಟಿಪ್ಪಣಿ ಬರೆಯುವ ನೋಟಬಿಲಿಟಿ ಆ್ಯಪ್ 2021ರ ನವೆಂಬರಿನಲ್ಲಿ ಚಂದಾಕ್ಕೆ ಹೊರಳಿದಾಗ ಮೊದಲೇ ಕೊಂಡವರು ತಿರುಗಿಬಿದ್ದರು. ಕಂಪನಿ ತಡಮಾಡದೆ ಹಿಂದೆ ಸರಿದು ಅವರ ಸೌಲಭ್ಯ ಉಳಿಸಿಕೊಟ್ಟಿತು.

ಎಲ್ಲರಿಗೂ ಅಷ್ಟು ಗದ್ದಲ ಎಬ್ಬಿಸಲಾಗದು, ಅದಕ್ಕೇ ಕಾನೂನು ಬೇಕು. ಖಾತೆಯಿಂದ ಚಂದಾ ತಾನಾಗಿ ಕಡಿತವಾಗುವ 24 ಗಂಟೆ ಮೊದಲು ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನ ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿದ 13 ವಂಚಕ ತಂತ್ರಗಳಲ್ಲಿ ಚಂದಾ ಬಲೆಯೂ ಸೇರಿದೆ. ಒಳ್ಳೆಯದೇ. ಇದರ ಜೊತೆಗೆ ಇನ್ನೆರಡು ಬೇಕು. ಚಂದಾ ನಿಲ್ಲಿಸಿದವರಿಗೆ ಹೊಸ ಕೆಲಸಕ್ಕೆ ಬೀಗ ಹಾಕಿಕೊಳ್ಳಲಿ, ಹಳೇ ಫೈಲು ತೆರೆಯಲು, ಪಿಡಿಎಫ್ ಮಾಡಿಕೊಳ್ಳಲು ಬಿಡಬೇಕು. ಲೈಫ್‌ಟೈಮ್ ಎಂದು ಮಾರಿದವರು ಆ ಸೌಲಭ್ಯ ನಡೆಸಬೇಕು, ಆಗದಿದ್ದರೆ ಹಣ ವಾಪಸ್ ಕೊಡಬೇಕು. ಪ್ರಾಧಿಕಾರ ಈ ಎರಡನ್ನೂ ಅದೇ ಮಾರ್ಗಸೂಚಿಗೆ ಸೇರಿಸಲಿ.